‘ಸರ್ವರ್ ಡೌನ್’ ಅಂದರೆ ಏನು? ಮೂರು ಯಂತ್ರ ಇಟ್ಟುಕೊಂಡು ಮಾಡಿ ನೋಡೋಣ

ನಮ್ಮ ರಾಜ್ಯದ ಸರ್ಕಾರಿ ಕಿಟಕಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ವಾಕ್ಯಕ್ಕೆ ಕರ್ತೃವೇ ಇಲ್ಲ: ‘ಸರ್ವರ್ ಡೌನ್’. ಯಾವ ಸರ್ವರ್? ಎಷ್ಟು ಹೊತ್ತಿಂದ? ಯಾರು ಏನು ಮಾಡಿದ್ದಕ್ಕೆ ಹೀಗಾಯಿತು? ಒಂದೂ ಗೊತ್ತಾಗುವುದಿಲ್ಲ. ‘ಮಳೆ ಬರ್ತಿದೆ’ ಅನ್ನುವ ಹಾಗೆ ಅವರು ಹೇಳುತ್ತಾರೆ, ಮಳೆ ನಿಲ್ಲಲಿ ಅಂತ ಕಾಯುವ ಹಾಗೆ ನಾವು ಕಾಯುತ್ತೇವೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ನಿಂತವರು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಬಂದವರು, ಸಾಕ್ಷಿಗಳನ್ನು ಕಟ್ಟಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದವರು – ಎಲ್ಲರಿಗೂ ಅದೇ ಎರಡು ಪದ. ಕೂಲಿ ಬಿಟ್ಟು ಬಂದವರಿಗೆ ಅದರ ಬೆಲೆ ಒಂದು ದಿನದ ಸಂಬಳ.

2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಪೋರ್ಟಲ್ ಜನರ ಭಾರಕ್ಕೆ ಕುಸಿದು ಕೂತಿದ್ದು ನೆನಪಿರಬಹುದು. ಕೇಂದ್ರ ಸರ್ಕಾರವೇ ಹ್ಯಾಕ್ ಮಾಡಿಸಿದೆ ಅಂತ ಒಬ್ಬ ಸಚಿವರು ಹೇಳಿದ್ದೂ ಸುದ್ದಿಯಾಯಿತು. 2025ರ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶ ಕೈಕೊಟ್ಟು ರಾಜ್ಯದಾದ್ಯಂತ ಆಸ್ತಿ ನೋಂದಣಿಗೆ ಹೊಡೆತ ಬಿತ್ತು. ಆಗ ಸರ್ಕಾರ ಕೊಟ್ಟ ಕಾರಣ ಡಿಡಾಸ್ ದಾಳಿ. ಅಂದರೆ ಸುಳ್ಳು ಕೋರಿಕೆಗಳ ಮಹಾಪೂರ ಹರಿಸಿ ವ್ಯವಸ್ಥೆಯ ಉಸಿರುಗಟ್ಟಿಸುವುದು. ಸರಿ, ಇರಬಹುದು. ಆದರೆ ಎರಡೂ ಸಲ ನಮ್ಮ ಚರ್ಚೆ ಹೋಗಿದ್ದು ‘ಯಾವ ಪಕ್ಷದ ತಪ್ಪು’ ಎಂಬ ಕಡೆಗೆ. ‘ಆ ಯಂತ್ರಗಳು ಹೇಗಿರಬೇಕು ಅಂತ ಎಲ್ಲಾದರೂ ಬರೆದಿಟ್ಟಿದ್ದಾರಾ, ಬರೆದ ಹಾಗೇ ಇವೆಯಾ’ ಅಂತ ಯಾರೂ ಕೇಳಲಿಲ್ಲ. ಕೇಳಲು ಭಾಷೆಯೇ ನಮ್ಮ ಹತ್ತಿರ ಇರಲಿಲ್ಲ.

ಆ ಭಾಷೆ ಕಲಿಯುವುದು ಕಷ್ಟವಲ್ಲ ಅನ್ನುವುದೇ ಈ ಲೇಖನದ ವಾದ. ಹೊಟ್ಟೆಪಾಡಿಗೆ ನಾನು ಸರ್ವರ್‌ಗಳನ್ನು ನೋಡಿಕೊಳ್ಳುವವನು. ಭಾನುವಾರ ಹಲಸೂರಿನ ನಾಲ್ಕಾರು ಡಿಗ್ರಿ ವಿದ್ಯಾರ್ಥಿಗಳ ಜೊತೆ ಕೂತು ‘ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್’ ಅನ್ನುವುದರ ಮೊದಲ ಪಾಠಗಳನ್ನು ಮಾಡಿಸುತ್ತೇನೆ. ಅವರು ಬರುವುದು ಕೆಲಸ ಸಿಗಲಿ ಅಂತ, ಅದರಲ್ಲಿ ತಪ್ಪೇನಿಲ್ಲ. ನಗರದ ಈ ಪೂರ್ವ ಭಾಗ ಬದುಕುತ್ತಿರುವುದೇ ಇಂಥ ಕೆಲಸದ ಮೇಲೆ. ಹಲಸೂರಿನಿಂದ ಕೆ.ಆರ್.ಪುರಕ್ಕೆ ಹೋಗುವ ಹಳೇ ಮದ್ರಾಸ್ ರಸ್ತೆಯಲ್ಲಿ ಬೈಯಪ್ಪನಹಳ್ಳಿಗೆ ಬಂದರೆ ಸಿ-ಡ್ಯಾಕ್ ನಾಲೆಜ್ ಪಾರ್ಕ್, ಇನ್ನೂ ಮುಂದೆ ಬೆನ್ನಿಗಾನಹಳ್ಳಿಯ ಗಾಜಿನ ಕಟ್ಟಡಗಳು. ಸರ್ವರ್ ನಿರ್ವಹಣೆಯವರ ‘ರೂಟ್‌ಕಾನ್ಫ್’ ಸಮ್ಮೇಳನ ನಡೆಸುವ ಹ್ಯಾಸ್‌ಗೀಕ್ ಸಂಸ್ಥೆಯೂ ಇಂದಿರಾನಗರದ್ದೇ. ದೂರದೇಶದ ಬ್ಯಾಂಕು, ಅಂಗಡಿಗಳ ಸರ್ವರ್‌ಗಳು ರಾತ್ರಿ ಮೂರು ಗಂಟೆಗೆ ಕೆಮ್ಮಿದರೂ ಇಲ್ಲಿ ಯಾರದೋ ಫೋನ್ ಬಡಿದುಕೊಳ್ಳುತ್ತದೆ. ಬೆಳಗಾದರೆ ಇದೇ ರಸ್ತೆಯ ಜನ ಪಡಿತರಕ್ಕೆ ಸಾಲು ನಿಂತು ‘ಸರ್ವರ್ ಇಲ್ಲ’ ಅಂತ ಕೇಳಿಸಿಕೊಳ್ಳುತ್ತಾರೆ.

ಮೂರು ಯಂತ್ರ

ಬೇಕಾದದ್ದು ಎಂಟು ಜಿಬಿ ಮೆಮೊರಿಯ ಒಂದು ಲ್ಯಾಪ್‌ಟಾಪ್, ಒಂದಿಷ್ಟು ಇಂಟರ್ನೆಟ್. ಮಲ್ಟಿಪಾಸ್ ಅಥವಾ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ಲ್ಯಾಪ್‌ಟಾಪಿನ ಒಳಗೇ ಮೂರು ಪುಟ್ಟ ಉಬುಂಟು ಯಂತ್ರಗಳನ್ನು ಹುಟ್ಟಿಸಬಹುದು. ಒಂದೊಂದಕ್ಕೂ ಒಂದು ಜಿಬಿ ಕೊಟ್ಟರೆ ಸಾಕು. ನಾವು ಅವುಗಳಿಗೆ ಶಿವಾಜಿನಗರ, ಹಲಸೂರು, ಕೆ.ಆರ್.ಪುರ ಅಂತ ಹೆಸರಿಟ್ಟಿದ್ದೇವೆ. ಮೂರು ಕಚೇರಿ, ಒಂದೇ ಸೇವೆ ಅಂತ ಕಲ್ಪಿಸಿಕೊಳ್ಳಿ.

ಈ ಮೂರನ್ನೂ ಆಳಲು ಆನ್ಸಿಬಲ್ ಎಂಬ ಉಪಕರಣ ಬಳಸುತ್ತೇವೆ. ಮೈಕೆಲ್ ಡಿಹಾನ್ ಎಂಬಾತ 2012ರಲ್ಲಿ ಬರೆದದ್ದು; 2015ರಲ್ಲಿ ರೆಡ್ ಹ್ಯಾಟ್ ಕಂಪನಿ ಕೊಂಡುಕೊಂಡಿತು. ಕೋಡ್ ಮುಕ್ತವಾಗಿದೆ, ಕಾಸು ಕೊಡಬೇಕಾಗಿಲ್ಲ. ಇದು ನೇರವಾಗಿ ವಿಂಡೋಸ್‌ನಿಂದ ಓಡುವುದಿಲ್ಲ; ನಿಮ್ಮದು ವಿಂಡೋಸ್ ಆಗಿದ್ದರೆ ನಾಲ್ಕನೆಯದೊಂದು ಉಬುಂಟು ಯಂತ್ರ ಹುಟ್ಟಿಸಿ ಅಲ್ಲಿ ಕೂತು ಆಳಿ. ಆಳಿಸಿಕೊಳ್ಳುವ ಯಂತ್ರಗಳಲ್ಲಿ ವಿಶೇಷವಾಗಿ ಏನೂ ಹಾಕಬೇಕಾಗಿಲ್ಲ. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಬಾಗಿಲಿನಿಂದ ಒಳಗೆ ಹೋಗಲು ಅನುಮತಿ, ಒಳಗೆ ಪೈಥಾನ್ – ಇಷ್ಟಿದ್ದರೆ ಆಯಿತು.

ಮೊದಲ ಕೆಲಸ, ‘ಇನ್ವೆಂಟರಿ’ ಬರೆಯುವುದು. ಹೆಸರು ದೊಡ್ಡದು, ವಸ್ತು ಸಣ್ಣದು: ಯಾವ್ಯಾವ ಯಂತ್ರಗಳಿವೆ ಎಂಬ ಪಟ್ಟಿ. ‘ಕಚೇರಿಗಳು’ ಅಂತ ಒಂದು ಗುಂಪಿನ ಹೆಸರು, ಅದರ ಕೆಳಗೆ ಮೂರು ಯಂತ್ರಗಳ ವಿಳಾಸ. ಇದನ್ನು ಮಾಡುವಾಗಲೇ ಒಬ್ಬ ಹುಡುಗಿ ಕೇಳಿದಳು, “ಅಣ್ಣಾ, ಸರ್ಕಾರದ ಹತ್ರ ಇಂಥ ಪಟ್ಟಿ ಇರುತ್ತಲ್ವಾ?” ಇರಲೇಬೇಕು. ಇರುವುದು ಬೇರೆ, ಇವತ್ತಿಗೆ ಸರಿಯಾಗಿರುವುದು ಬೇರೆ. ಮತದಾರರ ಪಟ್ಟಿ ನೋಡಿದವರಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ.

ಪಟ್ಟಿ ಆದಮೇಲೆ ಮೂರೂ ಯಂತ್ರಗಳಿಗೆ ಒಟ್ಟಿಗೆ ‘ಪಿಂಗ್’ ಅಂತ ಕೂಗುವುದು. ಮೂರರಿಂದಲೂ ‘ಪಾಂಗ್’ ಅಂತ ಉತ್ತರ ಬಂದರೆ ಮೊದಲ ಪಾಠ ಮುಗಿದಂತೆ. ಇದು ನೆಟ್‌ವರ್ಕಿನವರು ಮಾಡುವ ಮಾಮೂಲಿ ಪಿಂಗ್ ಅಲ್ಲ. ಯಂತ್ರದ ಒಳಗೆ ಹೋಗಿ, ಅಲ್ಲಿ ಕೆಲಸ ಮಾಡಲು ಆಗುತ್ತದೆ ಅಂತ ಖಾತ್ರಿಪಡಿಸಿಕೊಂಡು ಬರುವ ಪಿಂಗ್. ಬಾಗಿಲು ತಟ್ಟಿ ಓಡಿ ಬರುವುದಕ್ಕೂ, ಒಳಗೆ ಹೋಗಿ ನೀರು ಕುಡಿದು ಬರುವುದಕ್ಕೂ ಇರುವ ವ್ಯತ್ಯಾಸ.

‘ಮಾಡು’ ಮತ್ತು ‘ಇರಲಿ’

ಎರಡನೇ ಪಾಠದಲ್ಲಿ ಎಲ್ಲರೂ ಒಂದು ಕಡೆ ಎಡವುತ್ತಾರೆ. ಸ್ವಲ್ಪ ಲಿನಕ್ಸ್ ಗೊತ್ತಿರುವವರು ಖಂಡಿತ ಕೇಳುತ್ತಾರೆ: “ಇದನ್ನೇ ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದು ಮೂರು ಕಡೆ ಓಡಿಸಿದ್ರೆ ಆಗಲ್ವಾ?”

ಆಗುತ್ತದೆ, ಒಂದು ಸಲ. ಶಿವಾಜಿನಗರದ ಯಾವುದಾದರೂ ಚಹಾ ಅಂಗಡಿ ನೆನಪಿಸಿಕೊಳ್ಳಿ. ‘ಟೀಗೆ ಎರಡು ಚಮಚ ಸಕ್ಕರೆ ಹಾಕು’ ಅನ್ನುವುದು ಒಂದು ಮಾತು. ‘ಟೀಯಲ್ಲಿ ಎರಡು ಚಮಚ ಸಕ್ಕರೆ ಇರಲಿ’ ಅನ್ನುವುದು ಇನ್ನೊಂದು ಮಾತು. ಮೊದಲನೆಯದನ್ನು ಮೂವರು ಮೂರು ಸಲ ಹೇಳಿದರೆ ಟೀಗೆ ಆರು ಚಮಚ ಬೀಳುತ್ತದೆ. ಎರಡನೆಯದನ್ನು ನೂರು ಸಲ ಹೇಳಿದರೂ ಎರಡೇ ಚಮಚ. ಯಾಕೆಂದರೆ ಎರಡನೆಯ ಮಾತು ಕೇಳಿಸಿಕೊಂಡವನು ಮೊದಲು ಲೋಟದಲ್ಲಿ ಈಗ ಏನಿದೆ ಅಂತ ನೋಡಬೇಕಾಗುತ್ತದೆ.

ಶೆಲ್ ಸ್ಕ್ರಿಪ್ಟಿನದು ‘ಮಾಡು’ ಭಾಷೆ. ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟಿನದು ‘ಇರಲಿ’ ಭಾಷೆ. ಇದಕ್ಕೆ ಇಂಗ್ಲಿಷಿನವರು ಐಡೆಂಪೊಟೆಂಟ್ ಅನ್ನುವ ನಾಲಿಗೆ ಹೊರಳದ ಪದ ಇಟ್ಟಿದ್ದಾರೆ, ಅದನ್ನು ಕಲಿಸುವ ಪುಸ್ತಕಗಳು ಗಣಿತದಿಂದ ಶುರುಮಾಡುತ್ತವೆ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲದಲ್ಲೇ ಇದೆ. ಹಾಗಾಗಿ ನಮ್ಮ ಹುಡುಗರು ಪ್ಲೇಬುಕ್ ಬರೆಯುವ ಮೊದಲು ಅದನ್ನು ಕನ್ನಡದಲ್ಲಿ ಬರೆಯುತ್ತಾರೆ. ಪ್ಲೇಬುಕ್ ಅಂದರೆ ಯಂತ್ರಗಳು ಹೇಗಿರಬೇಕು ಎಂಬ ಬರಹ. ಅವರು ಬರೆದದ್ದು ಹೀಗಿತ್ತು:

‘ಕಚೇರಿಗಳು ಗುಂಪಿನ ಎಲ್ಲ ಯಂತ್ರಗಳಲ್ಲೂ –
ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇರಲಿ, ಓಡುತ್ತಲೂ ಇರಲಿ.
ಗಡಿಯಾರ ಭಾರತೀಯ ಕಾಲಮಾನದಲ್ಲಿ ಇರಲಿ.
ಕನ್ನಡ ಫಾಂಟ್‌ಗಳು ಇರಲಿ.
ಪಿಡಿಎಫ್ ಮಾಡಲು ಲಿಬ್ರೆಆಫೀಸ್ ಇರಲಿ.
ವೆಬ್ ಸರ್ವರಿನ ಸೆಟ್ಟಿಂಗ್ ಫೈಲು ನಮ್ಮ ಮೂಲಪ್ರತಿಯಂತೆಯೇ ಇರಲಿ.
ಆ ಫೈಲು ಬದಲಾಗಿದ್ದರೆ ಮಾತ್ರ ವೆಬ್ ಸರ್ವರನ್ನು ಮತ್ತೆ ಶುರುಮಾಡು.’

ಕೊನೆಯ ಸಾಲೊಂದು ‘ಮಾಡು’. ಅದನ್ನು ಹ್ಯಾಂಡ್ಲರ್ ಅನ್ನುತ್ತಾರೆ; ಕಾರಣವಿಲ್ಲದೆ ಅದು ಏಳುವುದಿಲ್ಲ. ಉಳಿದದ್ದನ್ನೆಲ್ಲ ಯಾಮಲ್ ಎಂಬ ಸರಳ ಶೈಲಿಗೆ ಇಳಿಸಿದರೆ ಮೂವತ್ತು ಚಿಲ್ಲರೆ ಸಾಲು. ಯಾಮಲ್‌ನಲ್ಲಿ ಸಾಲಿನ ಹಿಂದಿನ ಖಾಲಿ ಜಾಗಕ್ಕೂ ಅರ್ಥ ಇದೆ, ಟ್ಯಾಬ್ ಒತ್ತಿದರೆ ಸಿಟ್ಟಾಗುತ್ತದೆ. ಮೊದಲ ಒಂದು ಗಂಟೆ ಇದರಲ್ಲೇ ಹೋಗುತ್ತದೆ, ಹೋಗಲಿ ಬಿಡಿ.

ಮೊದಲ ಸಲ ಓಡಿಸಿದಾಗ ಪರದೆ ತುಂಬ ಹಳದಿ ಸಾಲುಗಳು. ಹಳದಿ ಅಂದರೆ ‘ಬದಲಾಯಿಸಿದೆ’. ತಕ್ಷಣ ಎರಡನೇ ಸಲ ಓಡಿಸಬೇಕು. ಈಗ ಎಲ್ಲ ಹಸಿರು: ‘ನೋಡಿದೆ, ಹೇಳಿದ ಹಾಗೇ ಇದೆ, ನಾನೇನೂ ಮುಟ್ಟಲಿಲ್ಲ’. ಕೊನೆಯ ಲೆಕ್ಕದಲ್ಲಿ ಬದಲಾವಣೆ 0. ಎರಡನೇ ಸಲವೂ ಹಳದಿ ಬಂದರೆ ನಿಮ್ಮ ಪ್ಲೇಬುಕ್‌ನಲ್ಲಿ ಎಲ್ಲೋ ‘ಇರಲಿ’ ಬದಲು ‘ಮಾಡು’ ನುಸುಳಿದೆ ಅಂತ ಅರ್ಥ. ಹುಡುಕಿ ತೆಗೆಯುವುದೇ ಮನೆಗೆಲಸ.

ಈ ಯೋಚನೆ ಆನ್ಸಿಬಲ್‌ನದ್ದಲ್ಲ. ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಜಸ್ ಎಂಬ ಭೌತವಿಜ್ಞಾನಿ 1993ರಲ್ಲೇ ಸಿಎಫ್‌ಎಂಜಿನ್ ಬರೆದು ಇದಕ್ಕೆ ಅಡಿಪಾಯ ಹಾಕಿದ. 2005ರಲ್ಲಿ ಪಪೆಟ್ ಬಂತು, 2009ರಲ್ಲಿ ಶೆಫ್. ಪಪೆಟ್‌ನ ಒಂದು ಗುಣ ನನಗೆ ಇಷ್ಟ: ಪ್ರತಿ ಯಂತ್ರದೊಳಗೂ ಅದರ ಒಬ್ಬ ಏಜೆಂಟ್ ಕೂತಿರುತ್ತಾನೆ. ಬೇರೆ ಏನೂ ಹೇಳದಿದ್ದರೆ ಅವನು 30 ನಿಮಿಷಕ್ಕೊಮ್ಮೆ ಎದ್ದು ‘ಎಲ್ಲ ಬರೆದ ಹಾಗೇ ಇದೆಯಾ’ ಅಂತ ನೋಡಿ, ಇಲ್ಲದಿದ್ದರೆ ಸರಿಮಾಡುತ್ತಾನೆ. ಆನ್ಸಿಬಲ್ ನಾವು ಕರೆದಾಗ ಮಾತ್ರ ಬರುತ್ತದೆ.

ಕೆ.ಆರ್.ಪುರ ಯಂತ್ರದಲ್ಲಿ ಅಕ್ಷರ ಕಾಣೆ

ಮೂರನೇ ಪಾಠಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಕನ್ನಡದಲ್ಲಿ ಒಬ್ಬರ ಹೆಸರಿರುವ ಒಂದು ನಕಲಿ ಪ್ರಮಾಣಪತ್ರ ತಯಾರಿಸಿ, ಮೂರೂ ಯಂತ್ರಗಳಲ್ಲಿ ಅದನ್ನು ಪಿಡಿಎಫ್ ಮಾಡಿಸಿ. ಮೂರರಲ್ಲೂ ಹೆಸರು ಚೆನ್ನಾಗಿ ಬರುತ್ತದೆ. ಈಗ ಪ್ಲೇಬುಕ್ ಪಕ್ಕಕ್ಕಿಟ್ಟು, ಕೆ.ಆರ್.ಪುರ ಯಂತ್ರದೊಳಗೆ ಕೈಯಾರೆ ಹೋಗಿ, ಉಬುಂಟುವಿನ ಕನ್ನಡ ಫಾಂಟ್‌ಗಳಾದ ಗುಬ್ಬಿ ಮತ್ತು ನವಿಲನ್ನು ಕಿತ್ತುಹಾಕಿ. ಮತ್ತೆ ಪಿಡಿಎಫ್ ಮಾಡಿಸಿ. ಎರಡು ಯಂತ್ರದಲ್ಲಿ ಹೆಸರು, ಮೂರನೆಯದರಲ್ಲಿ ಖಾಲಿ ಡಬ್ಬಿಗಳ ಸಾಲು.

ಗಮನಿಸಿ, ಕೆ.ಆರ್.ಪುರ ಯಂತ್ರ ‘ಡೌನ್’ ಆಗಿಲ್ಲ. ಪಿಂಗ್ ಅಂದರೆ ಪಾಂಗ್ ಅನ್ನುತ್ತದೆ. ಪುಟ ತೆರೆಯುತ್ತದೆ. ಮೇಲಿನಿಂದ ನೋಡುವ ಅಧಿಕಾರಿಯ ಫಲಕದಲ್ಲಿ ಮೂರೂ ದೀಪ ಹಸಿರೇ. ಆದರೆ ಅಲ್ಲಿಂದ ಬಂದ ಪ್ರಮಾಣಪತ್ರ ಹಿಡಿದು ವಿದ್ಯಾರ್ಥಿವೇತನಕ್ಕೆ ಹೋದ ಮಗುವಿಗೆ ಹೆಸರಿಲ್ಲ.

ಇನ್ನೊಂದು ಹೆಜ್ಜೆ. ದೊಡ್ಡ ಸೇವೆಗಳಲ್ಲಿ ಹತ್ತಾರು ಸರ್ವರ್‌ಗಳ ಮುಂದೆ ‘ಲೋಡ್ ಬ್ಯಾಲೆನ್ಸರ್’ ಎಂಬ ದ್ವಾರಪಾಲಕ ಇರುತ್ತಾನೆ. ಬಂದ ಕೋರಿಕೆಗಳನ್ನು ‘ನೀನು ಅಲ್ಲಿಗೆ ಹೋಗು, ನೀನು ಇಲ್ಲಿಗೆ’ ಅಂತ ಹಂಚುವುದು ಅವನ ಕೆಲಸ. ನಮ್ಮ ಮೂರು ಯಂತ್ರಗಳ ಮುಂದೆ ಅಂಥವನೊಬ್ಬನನ್ನು ನಿಲ್ಲಿಸಿ, ಒಂದು ಯಂತ್ರ ಕೆಟ್ಟಿದೆ ಅಂದುಕೊಳ್ಳಿ. ಪ್ರತಿ ಕೋರಿಕೆ ಮೂರರಲ್ಲಿ ಯಾವುದಕ್ಕಾದರೂ ಹೋಗಬಹುದು ಅಂದರೆ ಮೂರಕ್ಕೆ ಎರಡು ಸಲ ಸರಿ, ಒಂದು ಸಲ ತಪ್ಪು. ಪರವಾಗಿಲ್ಲ ಅನ್ನಿಸುತ್ತದೆ ಅಲ್ಲವಾ? ಆದರೆ ಒಂದು ಅರ್ಜಿ ಮುಗಿಯಲು ಐದು ಹೆಜ್ಜೆ ಇದ್ದರೆ – ಲಾಗಿನ್, ವಿವರ, ದಾಖಲೆ, ಶುಲ್ಕ, ರಸೀದಿ – ಐದೂ ಸರಿಹೋಗುವ ಸಂಭವ ಮೂರನೇ ಎರಡನ್ನು ಐದು ಸಲ ಗುಣಿಸಿದಷ್ಟು. ಅಂದರೆ ನೂರಕ್ಕೆ ಸುಮಾರು 13. ಮೂರರಲ್ಲಿ ಒಂದೇ ಯಂತ್ರ ಕೆಟ್ಟಿದ್ದಕ್ಕೆ ನೂರಕ್ಕೆ 87 ಜನ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತಾರೆ.

ಕೆಲವು ವ್ಯವಸ್ಥೆಗಳಲ್ಲಿ ದ್ವಾರಪಾಲಕ ಒಬ್ಬರನ್ನು ಮೊದಲು ಕಳಿಸಿದ ಯಂತ್ರಕ್ಕೇ ಮತ್ತೆ ಮತ್ತೆ ಕಳಿಸುತ್ತಾನೆ. ಆಗ ಇನ್ನೊಂದು ಬಗೆಯ ವಿಚಿತ್ರ: ಪಕ್ಕದವರ ಮೊಬೈಲಿನಲ್ಲಿ ಸಲೀಸಾಗಿ ಆಗುತ್ತದೆ, ನಿಮ್ಮದರಲ್ಲಿ ಸಂಜೆಯವರೆಗೂ ಆಗುವುದಿಲ್ಲ. ‘ನಿನ್ನೆ ಬಂತು ಇವತ್ತು ಬರ್ತಿಲ್ಲ’, ‘ಇನ್ನೊಂದ್ಸಲ ಟ್ರೈ ಮಾಡಿ’, ‘ನಿಮ್ಮ ಮೊಬೈಲ್ ಸರಿಯಿಲ್ಲ’ – ಈ ಮಾತುಗಳ ಹಿಂದೆ ಇರಬಹುದಾದ ಒಂದು ಕಾರಣ ಇದು. ಎಲ್ಲ ಸಲವೂ ಇದೇ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಪಾಠ ಮಾಡಿದವರು ‘ಸರ್ವರ್ ಡೌನ್’ ಅನ್ನುವುದನ್ನು ಒಂದೇ ಸ್ಥಿತಿ ಅಂತ ಮತ್ತೆ ನಂಬುವುದಿಲ್ಲ.

ಈಗ ಪ್ಲೇಬುಕ್ಕನ್ನು ‘ಬರೀ ನೋಡು, ಮುಟ್ಟಬೇಡ’ ಎಂಬ ಷರತ್ತಿನಲ್ಲಿ ಓಡಿಸಿ. ಅದಕ್ಕೆ ಚೆಕ್ ಅನ್ನುವ ಆಯ್ಕೆ ಇದೆ. ಜೊತೆಗೆ ಡಿಫ್ ಅಂತ ಸೇರಿಸಿದರೆ ಫೈಲುಗಳಲ್ಲಿ ಇರಬೇಕಾದದ್ದಕ್ಕೂ ಇರುವುದಕ್ಕೂ ಇರುವ ಅಂತರವನ್ನು ಸಾಲು ಸಾಲಾಗಿ ತೋರಿಸುತ್ತದೆ. ಪೊಲೀಸರ ಸ್ಥಳ ಮಹಜರು ಇದ್ದ ಹಾಗೆ. ಶಿವಾಜಿನಗರ ಹಸಿರು, ಹಲಸೂರು ಹಸಿರು, ಕೆ.ಆರ್.ಪುರದಲ್ಲಿ ಫಾಂಟ್‌ನ ಸಾಲಿನ ಮುಂದೆ ಹಳದಿ. ಸಿಕ್ಕಿತು. ಷರತ್ತು ತೆಗೆದು ಓಡಿಸಿ, ಫಾಂಟ್ ವಾಪಸ್ ಬಂತು. ಹುಡುಕಿ ಸರಿಮಾಡಲು ಎರಡು ನಿಮಿಷ ಹಿಡಿಯಲಿಲ್ಲ.

ಯಂತ್ರ ಹೀಗೆ ಬರೆದಿಟ್ಟದ್ದರಿಂದ ದೂರ ಸರಿಯುವುದನ್ನು ಡ್ರಿಫ್ಟ್ ಅನ್ನುತ್ತಾರೆ. ಅದು ಸಾಮಾನ್ಯವಾಗಿ ದುರುದ್ದೇಶದಿಂದ ಆಗುವುದಲ್ಲ. ರಾತ್ರಿ ಹನ್ನೊಂದಕ್ಕೆ ಮೇಲಿನವರ ಫೋನ್ ಬರುತ್ತದೆ, ಗುತ್ತಿಗೆ ನೌಕರನೊಬ್ಬ ಒಂದು ಯಂತ್ರಕ್ಕೆ ಹೋಗಿ ಏನೋ ಒಂದು ಬದಲಾಯಿಸುತ್ತಾನೆ, ಕೆಲಸ ಆಗುತ್ತದೆ, ಮಲಗುತ್ತಾನೆ. ಬರೆದಿಡುವುದಿಲ್ಲ, ಬರೆದಿಡು ಅಂತ ಯಾರೂ ಹೇಳಿರುವುದೂ ಇಲ್ಲ. ಆರು ತಿಂಗಳಿಗೆ ಅವನ ಗುತ್ತಿಗೆ ಮುಗಿಯುತ್ತದೆ, ಆ ಬದಲಾವಣೆ ಅವನ ತಲೆಯಲ್ಲೇ ಊರಿಗೆ ಹೋಗುತ್ತದೆ. ಖಾಯಂ ಹುದ್ದೆ ತುಂಬದೆ ಎಲ್ಲವನ್ನೂ ಹೊರಗುತ್ತಿಗೆಗೆ ಕೊಡುವ ನೀತಿಗೂ ನಮ್ಮ ಪಿಡಿಎಫ್‌ನ ಖಾಲಿ ಡಬ್ಬಿಗಳಿಗೂ ಇಲ್ಲಿ ನಂಟು ಇದೆ.

ಖಾಸಗಿಯವರಾದರೆ ಹೀಗಾಗುವುದಿಲ್ಲ ಅನ್ನುವವರಿಗೆ ಒಂದು ಕಥೆ. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಕಂಪನಿ ತನ್ನ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹಾಕಿ ಮಾರುಕಟ್ಟೆ ತೆರೆಯಿತು. ಎಂಟನೆಯದರಲ್ಲಿ ವರ್ಷಗಳಿಂದ ಬಳಸದ ಹಳೇ ಕೋಡ್ ಎಚ್ಚರಗೊಂಡು ಸಿಕ್ಕಾಪಟ್ಟೆ ಷೇರು ಕೊಂಡು ಮಾರತೊಡಗಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಮುಂದಿನ ವರ್ಷ ಅಮೆರಿಕದ ಷೇರು ನಿಯಂತ್ರಣ ಆಯೋಗ ಕೊಟ್ಟ ಆದೇಶದಲ್ಲಿ ಕಾರಣ ಸ್ಪಷ್ಟವಾಗಿದೆ: ಕೋಡ್ ಹಾಕಿದ್ದನ್ನು ಇನ್ನೊಬ್ಬರು ಪರಿಶೀಲಿಸಲಿಲ್ಲ, ಪರಿಶೀಲಿಸಬೇಕು ಎಂಬ ಲಿಖಿತ ನಿಯಮವೂ ಇರಲಿಲ್ಲ. ದಂಡ 1.2 ಕೋಟಿ ಡಾಲರ್. ಇಷ್ಟೆಲ್ಲ ನಮಗೆ ಗೊತ್ತಿರುವುದು ಆ ಆದೇಶ ಸಾರ್ವಜನಿಕ ಆಗಿದ್ದರಿಂದ. ಕಾವೇರಿಯ ವಿಷಯದಲ್ಲಿ ನಮಗೆ ಸಿಕ್ಕಿದ್ದು ಪತ್ರಿಕಾ ಹೇಳಿಕೆ.

ಯಾರು, ಯಾವಾಗ, ಯಾಕೆ

ನಾಲ್ಕನೇ ಪಾಠ ಚಿಕ್ಕದು. ಪ್ಲೇಬುಕ್ ಮತ್ತು ಇನ್ವೆಂಟರಿಯನ್ನು ಗಿಟ್ ಎಂಬ ದಾಖಲೆ ಪುಸ್ತಕದೊಳಗೆ ಇಡುವುದು. ಇನ್ನು ಮೇಲೆ ಯಂತ್ರಕ್ಕೆ ಕೈಯಾರೆ ಹೋಗುವ ಹಾಗಿಲ್ಲ. ಏನೇ ಬದಲಾಯಿಸಬೇಕಿದ್ದರೂ ಬರಹ ಬದಲಾಯಿಸಬೇಕು, ಯಾಕೆ ಅಂತ ಒಂದು ಸಾಲು ಬರೆಯಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು, ಆಮೇಲೆ ಓಡಿಸಬೇಕು. ಪಾಸ್‌ವರ್ಡ್, ಕೀಲಿಗಳಂಥ ಗುಟ್ಟುಗಳನ್ನು ವಾಲ್ಟ್ ಎಂಬ ಬೀಗದ ಪೆಟ್ಟಿಗೆಯಲ್ಲಿ ಬೇರೆ ಇಡಬೇಕು. ಮೂರು ವಾರ ಹೀಗೆ ಮಾಡಿದರೆ ನಿಮ್ಮ ಹತ್ತಿರ ಒಂದು ಚರಿತ್ರೆ ಇರುತ್ತದೆ: ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಲು, ಯಾವ ಕಾರಣಕ್ಕೆ. ಕರ್ತೃ ಸಿಕ್ಕ.

ಇದು ಆಡಳಿತದಲ್ಲಿ ಯಾಕೆ ಮುಖ್ಯ ಅಂತ ತಿಳಿಯಲು ಸಕಾಲ ಕಾಯ್ದೆ ನೋಡಿ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿ. ನಿಗದಿತ ದಿನಗಳಲ್ಲಿ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ದಿನ ಎಣಿಸಲು ಶುರುಮಾಡುವುದು ಅರ್ಜಿ ಸ್ವೀಕರಿಸಿ ಜಿಎಸ್‌ಸಿ ಸಂಖ್ಯೆ ಕೊಟ್ಟ ಮೇಲೆ. ಸರ್ವರ್ ಡೌನ್ ಇದ್ದರೆ ಅರ್ಜಿಯೇ ಒಳಗೆ ಹೋಗುವುದಿಲ್ಲ. ಅರ್ಜಿ ಹೋಗದಿದ್ದರೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದಿದ್ದರೆ ವಿಳಂಬ ಇಲ್ಲ. ನಾಲ್ಕು ದಿನ ಅಲೆದವರ ನಾಲ್ಕು ದಿನ ಯಾವ ಲೆಕ್ಕದಲ್ಲೂ ಬರುವುದಿಲ್ಲ, ಅಂಕಿಅಂಶದಲ್ಲಿ ‘ಸಕಾಲದಲ್ಲಿ ವಿಲೇವಾರಿ’ ಚೆನ್ನಾಗಿಯೇ ಕಾಣುತ್ತದೆ. ನನ್ನ ಪ್ರಕಾರ ‘ಸರ್ವರ್ ಡೌನ್’ ಅನ್ನುವುದರ ಅತಿ ದೊಡ್ಡ ರಾಜಕೀಯ ಉಪಯೋಗ ಇದೇ.

ಆದರೆ ಯಂತ್ರಗಳನ್ನು ಯಂತ್ರದಿಂದ ಆಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿಸಲು ನಾನು ಹೊರಟಿಲ್ಲ. ಒಳ್ಳೆಯದನ್ನು ಮೂರು ಯಂತ್ರಕ್ಕೆ ಹರಡುವ ಉಪಕರಣ ಕೆಟ್ಟದ್ದನ್ನೂ ಅಷ್ಟೇ ವೇಗವಾಗಿ ಹರಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಕಾನ್ಫಿಗರೇಶನ್ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ದೇವನಹಳ್ಳಿಯ ನಮ್ಮ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಸಾಲುಗಳು ಉದ್ದವಾದವು. ದೇಶದ ಕೆಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದಕ್ಕೇ ಐದನೇ ಪಾಠ: ಮೊದಲು ಒಂದು ಯಂತ್ರಕ್ಕೆ ಮಾತ್ರ ಹಾಕು, ನೋಡು, ಆಮೇಲೆ ಮುಂದಿನದಕ್ಕೆ. ಆನ್ಸಿಬಲ್‌ನಲ್ಲಿ ಇದಕ್ಕೆ ಸೀರಿಯಲ್ ಅನ್ನುವ ಒಂದೇ ಪದ ಸಾಕು. ಸೀರಿಯಲ್ ಒಂದು ಅಂತ ಬರೆದು, ಬೇಕಂತಲೇ ತಪ್ಪು ಸೆಟ್ಟಿಂಗ್ ಫೈಲು ಕೊಟ್ಟು ಓಡಿಸಿ. ಶಿವಾಜಿನಗರ ಕೆಂಪಾಗಿ ಅಲ್ಲೇ ನಿಲ್ಲುತ್ತದೆ, ಹಲಸೂರು ಮತ್ತು ಕೆ.ಆರ್.ಪುರ ಬದುಕಿಕೊಳ್ಳುತ್ತವೆ.

ಡಿಡಾಸ್ ದಾಳಿಯನ್ನೂ ಪ್ಲೇಬುಕ್ ತಡೆಯುವುದಿಲ್ಲ, ಅದಕ್ಕೆ ಬೇರೆ ಗೋಡೆಗಳು ಬೇಕು. ಆದರೆ ಯಂತ್ರ ಹೇಗಿರಬೇಕು ಅಂತ ಬರೆದಿಟ್ಟವರು ಹೊಸ ಹತ್ತು ಯಂತ್ರಗಳನ್ನು ಬೇಗ ಸಜ್ಜು ಮಾಡಬಹುದು. ಬರೆದಿಡದವರು ಹಳೆಯದನ್ನು ನೆನಪಿಸಿಕೊಳ್ಳುತ್ತಾ ಕೂರಬೇಕು. ಇನ್ನು ನ್ಯಾಯಬೆಲೆ ಅಂಗಡಿಯಲ್ಲಿ ಸರ್ವರ್ ಕೆಟ್ಟ ದಿನ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಅಕ್ಕಿ ಕೊಡುವ ದಾರಿ ತೆರೆದಿರಬೇಕು. ಅದು ತಂತ್ರಜ್ಞಾನದ ಪ್ರಶ್ನೆಯೇ ಅಲ್ಲ, ಆಹಾರದ ಹಕ್ಕಿನ ಪ್ರಶ್ನೆ.

ಹುಡುಗರ ಇನ್ನೊಂದು ಪ್ರಶ್ನೆ: “ಇದೆಲ್ಲ ಬಂದ್ಮೇಲೆ ಸಿಸ್ಟಮ್ ಅಡ್ಮಿನ್ ಕೆಲಸ ಉಳಿಯುತ್ತಾ ಅಣ್ಣಾ?” ಒಂದೊಂದೇ ಯಂತ್ರಕ್ಕೆ ಲಾಗಿನ್ ಆಗಿ ಅದೇ ಐದು ಕಮಾಂಡ್ ಹೊಡೆಯುವ ಕೆಲಸ ಕಡಿಮೆಯಾಗಿದೆ, ಇನ್ನೂ ಆಗುತ್ತದೆ. ಏನಿರಬೇಕು ಅಂತ ಬರೆಯುವ, ಬರೆದದ್ದನ್ನು ಓದಿ ತಪ್ಪು ಹಿಡಿಯುವ ಕೆಲಸ ಉಳಿದಿದೆ. ಎರಡೂ ಒಂದೇ ಸಂಖ್ಯೆಯಲ್ಲಿರುತ್ತವೆ ಅಂತ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ.

ಕೇಳಬಹುದಾದದ್ದು

ಸರ್ಕಾರದ ಸರ್ವರ್ ಸೆಟ್ಟಿಂಗ್ ಕೇಳುವುದು ಅತಿಯಾಯಿತು, ಭದ್ರತೆ ಏನಾಗಬೇಕು ಅನ್ನುವವರಿದ್ದಾರೆ. ಬ್ರಿಟನ್ ಸರ್ಕಾರದ ಮುಖ್ಯ ಜಾಲತಾಣ ಗವ್.ಯುಕೆಯ ಸರ್ವರ್‌ಗಳನ್ನು ನಡೆಸುತ್ತಿದ್ದ ಪಪೆಟ್ ಕೋಡ್ ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ಓದುವಂತೆ ಇತ್ತು. ಗುಟ್ಟುಗಳು ಬೇರೆ ಕಡೆ, ಉಳಿದದ್ದು ಬಯಲಲ್ಲಿ – ನಮ್ಮ ನಾಲ್ಕನೇ ಪಾಠದ ಹಾಗೇ. ಭಾರತ ಸರ್ಕಾರವೂ ತನ್ನ ತಂತ್ರಾಂಶಗಳ ಮೂಲ ಕೋಡ್ ತೆರೆದಿಡುವ ನೀತಿಯನ್ನು 2015ರಲ್ಲೇ ಪ್ರಕಟಿಸಿದೆ. ನೀತಿ ಇದೆ, ಕೇಳುವವರು ಬೇಕು.

ಮಾಹಿತಿ ಹಕ್ಕಿನಲ್ಲಿ ಪಾಸ್‌ವರ್ಡ್ ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು. ಪೂರ್ತಿ ಕಾನ್ಫಿಗರೇಶನ್ ಕೇಳಿದರೆ 8(1)(ಎ) ತೋರಿಸಿ ಭದ್ರತೆ ಅನ್ನಬಹುದು, 8(1)(ಡಿ) ತೋರಿಸಿ ಗುತ್ತಿಗೆ ಕಂಪನಿಯ ವ್ಯಾಪಾರದ ಗುಟ್ಟು ಅನ್ನಬಹುದು. ಹಾಗಾಗಿ ಹಲಸೂರಿನ ಗುಂಪು ಬೇರೆ ತರದ ಪ್ರಶ್ನೆಗಳನ್ನು ಆರಿಸಿಕೊಂಡಿದೆ. ಒಂದು ಸೇವೆಯ ಹೆಸರು ಹೇಳಿ: ಕಳೆದ ಆರು ತಿಂಗಳಲ್ಲಿ ಅದು ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಲಭ್ಯವಿರಲಿಲ್ಲ? ಪ್ರತಿ ಸಲವೂ ದಾಖಲಾದ ಕಾರಣ ಏನು? ಸರ್ವರ್‌ಗಳ ಮೇಲೆ ಬದಲಾವಣೆ ಮಾಡುವ ಮುನ್ನ ಒಪ್ಪಿಗೆ ಕೊಡುವ ಅಧಿಕಾರಿಯ ಹುದ್ದೆ ಯಾವುದು? ಬದಲಾವಣೆಗಳ ದಾಖಲೆ ಪುಸ್ತಕ ನಿರ್ವಹಿಸಲಾಗುತ್ತಿದೆಯೇ? ಲಭ್ಯತೆ ಕಡಿಮೆಯಾದರೆ ಗುತ್ತಿಗೆದಾರರಿಗೆ ದಂಡ ಹಾಕುವ ಷರತ್ತು ಒಪ್ಪಂದದಲ್ಲಿದೆಯೇ, ಇದ್ದರೆ ಈವರೆಗೆ ಎಷ್ಟು ದಂಡ ಹಾಕಲಾಗಿದೆ?

ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಮ್ಮ ಕರಡು ಸದ್ಯಕ್ಕೆ 163 ಪದ ಇದೆ. ದಂಡದ ಪ್ರಶ್ನೆ ಬಿಡೋಣ ಅಂತ ಇಬ್ಬರು, ಅದನ್ನು ಬಿಟ್ಟು ಬೇರೆ ಏನಾದರೂ ಕಡಿಯಿರಿ ಅಂತ ಮೂವರು. ಈ ಭಾನುವಾರ ಆ 13 ಪದ ತೀರ್ಮಾನವಾಗಬೇಕು.